ಮಳೆಯಲ್ಲಿ ಮಗುವಿನೊಂದಿಗೆ ಹೊರಟಾಗ

ಕೋಲಾರ ಜಿಲ್ಲೆಗೆ ಮಲೆನಾಡಿನಂತೆ ಜೂನ್ ತಿಂಗಳಲ್ಲಿ ಜಡಿಮಳೆ ಹಿಡಿಯುವುದಿಲ್ಲ. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನಲ್ಲಿ ಬೀಳುವ ನಮ್ಮ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬರುತ್ತದೆ. ಅದರ ರೀತಿಯೂ ಬೇರೆ. ಬೆಳಿಗ್ಗೆ ಚುರುಗುಟ್ಟುವ ಬಿಸಿಲು, ಮಧ್ಯಾಹ್ನ ಮೂರರ ಹೊತ್ತಿಗೆ ಗುಡುಗು, ಅರ್ಧ ಗಂಟೆ ಧೋ ಎಂದು ಸುರಿದು ಮತ್ತೆ ಬಿಸಿಲು. ಮನೆಯಿಂದ ಹೊರಡುವಾಗ ಛತ್ರಿ ನೆನಪಾಗುವುದಿಲ್ಲ, ಹಿಂದಿರುಗುವಾಗ ಮಗುವಿನ ಕುಲಾವಿಯಿಂದ ನೀರು ಸೋರುತ್ತಿರುತ್ತದೆ. ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೆ.ಜಿ.ಎಫ್.ನಲ್ಲಿ ಮಳೆ ನಿಂತೊಡನೆ ಬೀಸುವ ಗಾಳಿಯೂ ತಣ್ಣಗಿರುತ್ತದೆ.

ರಾಬರ್ಟ್‌ಸನ್‌ಪೇಟೆಯಲ್ಲಾಗಲಿ, ಬಂಗಾರಪೇಟೆಯಲ್ಲಾಗಲಿ, ಈ ತಿಂಗಳುಗಳಲ್ಲಿ ವೈದ್ಯರ ಮುಂದೆ ಬರುವ ತಾಯಂದಿರ ಮಾತು ಹೆಚ್ಚು ಕಡಿಮೆ ಒಂದೇ. "ನಿನ್ನೆ ಮಳೆಯಲ್ಲಿ ನೆನೆಯಿತು ಡಾಕ್ಟ್ರೇ, ಅದಕ್ಕೇ ನೆಗಡಿ." ಕನ್ನಡದಲ್ಲಿ ಹೇಳಿದರೂ, ತಮಿಳಿನಲ್ಲಿ ಹೇಳಿದರೂ, ತೆಲುಗಿನಲ್ಲಿ ಹೇಳಿದರೂ ಮನೆಯ ಅಜ್ಜಿಯ ತೀರ್ಪು ಇದೇ. ಮಗುವನ್ನು ಒದ್ದೆಯಾಗದಂತೆ ಕಾಪಾಡುವುದು ಹೇಗೆ ಎಂದು ತಿಳಿಯುವ ಮೊದಲು ಒದ್ದೆಯಾದರೆ ನಿಜವಾಗಿ ಏನಾಗುತ್ತದೆ ಎಂಬುದನ್ನು ನೋಡೋಣ.

ನೆನೆದರೆ ನೆಗಡಿಯೇ?

ನೆಗಡಿ ಬರುವುದು ವೈರಸ್‌ಗಳಿಂದ, ಮಳೆ ಹನಿಯಿಂದಲ್ಲ. ಅಮೆರಿಕದಲ್ಲಿ 1968ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಸ್ ಹಾಕಿ, ಕೆಲವರನ್ನು ಚಳಿಗೆ ಒಡ್ಡಿ, ಕೆಲವರನ್ನು ಬೆಚ್ಚಗಿರಿಸಿ ನೋಡಿದರು. ಚಳಿಯಿಂದ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ 2005ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 180 ಮಂದಿಯ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, 20 ನಿಮಿಷ ತಣ್ಣೀರಿನಲ್ಲಿ ಕಾಲಿಟ್ಟು ಕುಳಿತ 90 ಜನರಲ್ಲಿ 13 ಮಂದಿ ಕೆಲವೇ ದಿನಗಳಲ್ಲಿ ನೆಗಡಿಯಾಯಿತೆಂದು ಹೇಳಿದರು. ಖಾಲಿ ಪಾತ್ರೆಯಲ್ಲಿ ಕಾಲಿಟ್ಟು ಕುಳಿತ 90 ಜನರಲ್ಲಿ ಹಾಗೆ ಹೇಳಿದವರು 5 ಮಂದಿ. ಮೂಗಿನಲ್ಲಿ ಆಗಲೇ ಸದ್ದಿಲ್ಲದೆ ಕುಳಿತಿದ್ದ ವೈರಸ್‌ಗೆ ಚಳಿ ದಾರಿ ಮಾಡಿಕೊಡುತ್ತದೆ ಎಂಬುದು ಆ ಸಂಶೋಧಕರ ಊಹೆ. ಹಾಗಾಗಿ ಅಜ್ಜಿಯ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪೂರ್ತಿ ಒಪ್ಪುವಂತೆಯೂ ಇಲ್ಲ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ, ಕೆಮ್ಮುವವರ ಪಕ್ಕದಲ್ಲಿ ಮಗು ಇರುವುದೇ ನೆಗಡಿಗೆ ದೊಡ್ಡ ಕಾರಣ. ಹೊರಗಿನಿಂದ ಬಂದವರು ಕೈ ತೊಳೆಯದೆ ಮಗುವಿನ ಕೆನ್ನೆ ಹಿಂಡುವುದು ಇನ್ನೊಂದು.

ಹಾಗಾದರೆ ಒದ್ದೆಯಾದರೆ ಪರವಾಗಿಲ್ಲವೇ? ಪರವಾಗಿದೆ. ನೆಗಡಿಗಿಂತ ಹೆಚ್ಚಾಗಿ ಮೈ ಬಿಸಿ ಇಳಿಯುವುದರ ಬಗ್ಗೆ ನಾವು ಹೆದರಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಎಳೆದುಕೊಳ್ಳುತ್ತದೆ. ಎಳೆಗೂಸಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಎರಡೂವರೆ ಮೂರು ಪಟ್ಟು ಹೆಚ್ಚು. ತಲೆಯೊಂದೇ ದೇಹದ ಮೇಲ್ಮೈಯ ಸುಮಾರು ಐದನೆಯ ಒಂದು ಭಾಗ. ನಮಗೆ ಚಳಿಯಾದರೆ ಮೈ ನಡುಗಿ ಶಾಖ ಹುಟ್ಟುತ್ತದೆ. ಹಸುಗೂಸಿಗೆ ಸರಿಯಾಗಿ ನಡುಗಲೂ ಬರುವುದಿಲ್ಲ. ಹೆಗಲು, ಬೆನ್ನಿನ ಬಳಿ ಇರುವ ಕಂದು ಕೊಬ್ಬನ್ನು ಉರಿಸಿ ಅದು ಬಿಸಿ ಹುಟ್ಟಿಸಿಕೊಳ್ಳುತ್ತದೆ. ಆ ಸಂಗ್ರಹ ಚಿಕ್ಕದು, ದಿನ ತುಂಬದೆ ಹುಟ್ಟಿದ ಮಗುವಿನಲ್ಲಂತೂ ಇನ್ನೂ ಚಿಕ್ಕದು. ನವಜಾತ ಶಿಶುವಿನ ಮೈ ಶಾಖ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. 36ಕ್ಕಿಂತ ಕೆಳಗೆ ಇಳಿದರೆ ಅದು ತಮಾಷೆಯ ವಿಷಯವಲ್ಲ. ಎರಡು ವರ್ಷ ದಾಟಿ ಓಡಾಡುವ ಮಗು ಮಳೆಯಲ್ಲಿ ಹತ್ತು ನಿಮಿಷ ಕುಣಿದರೆ ನಾನು ಬೈಯುವುದಿಲ್ಲ. ಎರಡು ತಿಂಗಳ ಕೂಸು ಅಷ್ಟೇ ಹೊತ್ತು ಒದ್ದೆ ಬಟ್ಟೆಯಲ್ಲಿ ಗಾಳಿಗೆ ಒಡ್ಡಿಕೊಂಡರೆ ಅದು ಬೇರೆ ಮಾತು.

ಮುಚ್ಚುವುದರಲ್ಲೇ ಅಪಾಯ

ಒಂದು ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಮಳೆಯಿಂದ ಮಗುವಿಗೆ ಆಗುವ ತೊಂದರೆಗಿಂತ ಮಳೆಯಿಂದ ಕಾಪಾಡಲು ಹೋಗಿ ಆಗುವ ತೊಂದರೆ ಕೆಲವೊಮ್ಮೆ ದೊಡ್ಡದು.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಹಳ್ಳಿಯೊಂದರಿಂದ ಮೊಪೆಡ್‌ನಲ್ಲಿ ನಾಲ್ಕು ತಿಂಗಳ ಮಗುವನ್ನು ಕರೆತಂದರು. ದಾರಿಯಲ್ಲಿ ಮಳೆ ಬಂದಿತ್ತು. ಹಿಂದೆ ಕುಳಿತಿದ್ದ ಅಜ್ಜಿ ಮಗುವಿಗೆ ಉಣ್ಣೆ ಟೋಪಿ, ಸ್ವೆಟರ್ ತೊಡಿಸಿ, ದುಪ್ಪಟಿ ಸುತ್ತಿ, ಅದರ ಮೇಲೆ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ತಲೆಯವರೆಗೂ ಹೊದಿಸಿ ಎದೆಗೆ ಒತ್ತಿ ಹಿಡಿದಿದ್ದರು. "ಒಂದು ಹನಿ ಬಿದ್ದಿಲ್ಲ ಡಾಕ್ಟ್ರೇ" ಎಂದು ಬಿಚ್ಚಿದರು. ಹನಿ ಬಿದ್ದಿರಲಿಲ್ಲ, ನಿಜ. ಆದರೆ ಮಗು ಬೆವರಿನಿಂದ ತೊಯ್ದು ಹೋಗಿತ್ತು. ತುಟಿ ನೀಲಿಗಟ್ಟಿತ್ತು, ಕೈಕಾಲು ಸೋತು ಬಿದ್ದಿದ್ದವು. ಬಟ್ಟೆ ಬಿಚ್ಚಿ, ಗಾಳಿಯಾಡಿಸಿ, ಆಮ್ಲಜನಕ ಕೊಟ್ಟ ಮೇಲೆ ಕೆಲವು ನಿಮಿಷಗಳಲ್ಲಿ ಅತ್ತಿತು. ಅದೃಷ್ಟ. ಇನ್ನು ಐದು ಕಿಲೋಮೀಟರ್ ದೂರ ಇದ್ದಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಪ್ಲಾಸ್ಟಿಕ್ಕಿನೊಳಗೆ ಮೂರು ಅಪಾಯ ಒಟ್ಟಿಗೆ ಕೂಡುತ್ತವೆ. ಮಗು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಅದರಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚು. ತೆಳುವಾದ ಹಾಳೆ ಉಸಿರಿನ ಒದ್ದೆಗೆ ಮೂಗು ಬಾಯಿಗೆ ಅಂಟಿಕೊಳ್ಳುತ್ತದೆ, ಅದನ್ನು ಸರಿಸಲು ಕೂಸಿಗೆ ಕೈ ಬಾರದು. ಒಳಗೆ ಶಾಖ ಏರುತ್ತದೆ. ಹೀಗಾಗಿ ನನ್ನ ನಿಯಮ ಇಷ್ಟೇ: ಮಗುವಿನ ಮುಖ ಹೊತ್ತವರ ಕಣ್ಣಿಗೆ ಸದಾ ಕಾಣುತ್ತಿರಬೇಕು. ಮುಖಕ್ಕೆ ನಾಲ್ಕು ಹನಿ ಬಿದ್ದರೂ ಬೀಳಲಿ, ಒರೆಸಿದರಾಯಿತು.

ಬೆವರಿನ ಮಾತು ಬಂದದ್ದರಿಂದ ಒಂದು ಹಳೆಯ ಸಂಗತಿ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ರಬ್ಬರ್ ಲೇಪಿಸಿ ನೀರು ಇಳಿಯದ ಬಟ್ಟೆ ತಯಾರಿಸಿ ಪೇಟೆಂಟ್ ಪಡೆದ. ಇಂದಿನ ರೈನ್‌ಕೋಟ್‌ಗಳ ಮೂಲ ಅದೇ. ಹೊರಗಿನ ನೀರು ಒಳಬಾರದು, ಸರಿ. ಒಳಗಿನ ಬೆವರು ಹೊರಹೋಗದು ಎಂಬ ಗೋಳು ಅಂದಿನಿಂದ ಇಂದಿನವರೆಗೆ ಹಾಗೇ ಉಳಿದಿದೆ. ಬೆವರಿ ಒದ್ದೆಯಾದ ಮೈಯಲ್ಲಿ ತಣ್ಣನೆಯ ಗಾಳಿಗೆ ಬರುವುದೆಂದರೇನೆಂದು ನಮ್ಮ ಊರಿನ ಹಿರಿಯರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚುವವರೆಗೂ, 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್‌ನಂಥ ಗಣಿಯ ಬೇಗೆಯಿಂದ ಮೇಲೆ ಬಂದವರು ಅವರು. ಮಗುವನ್ನು ಎದೆಗವಚಿಕೊಂಡು ಅದರ ಮೇಲೆ ರೈನ್‌ಕೋಟ್ ಗುಂಡಿ ಹಾಕಿಕೊಳ್ಳುವ ತಂದೆಯರು ಇದನ್ನು ಗಮನಿಸಬೇಕು. ಇಬ್ಬರ ಬೆವರೂ ಸೇರಿ ಮಗು ಒಳಗಿನಿಂದಲೇ ಒದ್ದೆಯಾಗುತ್ತದೆ. ಮೇಲಿನ ಗುಂಡಿಗಳನ್ನು ಬಿಟ್ಟು, ಮಗುವಿನ ತಲೆ ಹೊರಗಿರುವಂತೆ ನೋಡಿಕೊಳ್ಳಿ.

ಕಂಬಳಿ, ಛತ್ರಿ, ಸೆರಗು

ನಮ್ಮ ಕಡೆ ಕುರಿ ಕಾಯುವವರು ಕಂಬಳಿಯನ್ನು ಮಡಿಸಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಿಲ್ಲುವುದನ್ನು ಎಲ್ಲರೂ ನೋಡಿದ್ದೀರಿ. ಗೋಣಿಚೀಲದ ಕೊಪ್ಪೆಯೂ ಉಂಟು. ಮಲೆನಾಡಿನ ಗೊರಬೆ ನಮಗೆ ಬೇಕಾಗಲಿಲ್ಲ, ನಮ್ಮದು ಅಷ್ಟು ಮಳೆಯಲ್ಲ. ಕಂಬಳಿಯ ಗುಣ ವಿಶೇಷವಾದದ್ದು. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಎಳೆಗಳ ನಡುವಿನ ಗಾಳಿ ಶಾಖ ಹಿಡಿದಿಡುತ್ತದೆ. ಹತ್ತಿ ಬಟ್ಟೆ ಹಾಗಲ್ಲ. ನೆನೆದೊಡನೆ ಮೈಗಂಟಿ ಶಾಖ ಎಳೆಯುತ್ತದೆ. ಆದ್ದರಿಂದ ಹೊರಡುವಾಗ ಮಗುವಿಗೆ ಮೈಗೆ ತಾಗುವಂತೆ ತೆಳುವಾದ ಹತ್ತಿಯ ಅಂಗಿ, ಅದರ ಮೇಲೆ ಒಂದು ಉಣ್ಣೆಯ ಪದರ, ತಲೆಗೆ ಕುಲಾವಿ ಇಷ್ಟು ಸಾಕು. ಕುರಿ ಕಂಬಳಿಯನ್ನು ನೇರವಾಗಿ ಕೂಸಿನ ಚರ್ಮಕ್ಕೆ ಸುತ್ತಬೇಡಿ, ಅದು ಚುಚ್ಚುತ್ತದೆ, ಎಳೆಗಳು ಮೂಗಿಗೂ ಹೋಗುತ್ತವೆ. ಹೊತ್ತವರ ಹೆಗಲ ಮೇಲೆ ಕೊಪ್ಪೆಯಾಗಿ ಅದು ಇರಲಿ.

ಛತ್ರಿ ಹಳೆಯದಾದರೂ ನನ್ನ ಪ್ರಕಾರ ಈಗಲೂ ಉತ್ತಮ ಸಾಧನ, ಏಕೆಂದರೆ ಅದರಡಿ ಗಾಳಿ ಓಡಾಡುತ್ತದೆ. ಆದರೆ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಛತ್ರಿ, ಮಣಿಕಟ್ಟಿನಲ್ಲಿ ಬುಟ್ಟಿ ಎಂದು ಹೊರಟರೆ ಜಾರಿದಾಗ ಹಿಡಿದುಕೊಳ್ಳಲು ಕೈಯೇ ಇರುವುದಿಲ್ಲ. ಸೀರೆಯನ್ನೋ ದುಪ್ಪಟ್ಟಾವನ್ನೋ ಹೆಗಲಿಂದ ಸೊಂಟಕ್ಕೆ ಬಿಗಿದು ಮಗುವನ್ನು ಅದರಲ್ಲಿ ಕೂರಿಸಿಕೊಳ್ಳುವ ಹಳೆಯ ಪದ್ಧತಿಯನ್ನು ಇದಕ್ಕಾಗಿಯೇ ನಾನು ಹೊಗಳುತ್ತೇನೆ. ಅದರಲ್ಲಿ ಮಗುವಿನ ಗಲ್ಲ ಎದೆಗೆ ಒತ್ತಿಕೊಳ್ಳದಂತೆ, ಎರಡು ಬೆರಳು ತೂರುವಷ್ಟು ಜಾಗ ಗಲ್ಲದ ಕೆಳಗೆ ಇರುವಂತೆ ನೋಡಿಕೊಳ್ಳಬೇಕು.

ಗುಡುಗು ಕೇಳಿಸಿದರೆ ಛತ್ರಿಯೂ ಬೇಡ, ಮರದ ಆಸರೆಯೂ ಬೇಡ. ಹತ್ತಿರದ ಕಟ್ಟಡಕ್ಕೆ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾದು ಹೊರಡಿ.

ತಳ್ಳುಗಾಡಿ ತಂದವರಿಗೆ

ಮೊದಲು ಸಿನಿಮಾಗಳಲ್ಲಿ ಮಾತ್ರ ಕಾಣುತ್ತಿದ್ದ ಮಗುವಿನ ತಳ್ಳುಗಾಡಿ ಈಗ ಬಂಗಾರಪೇಟೆ ಜಂಕ್ಷನ್ನಿನಲ್ಲೂ ಕಾಣುತ್ತದೆ. ಬೆಂಗಳೂರಿನಲ್ಲಿ ನೆಲೆಸಿದ ಮಕ್ಕಳು ಶನಿವಾರ ಮೊಮ್ಮಗುವನ್ನು ಕರೆತರುವಾಗ ಅದನ್ನೂ ತರುತ್ತಾರೆ. ಮಡಿಚುವ ಹಗುರ ತಳ್ಳುಗಾಡಿಗೆ 1965ರಲ್ಲಿ ಪೇಟೆಂಟ್ ಪಡೆದವರು ಓವನ್ ಮೆಕ್ಲಾರೆನ್ ಎಂಬ ಬ್ರಿಟಿಷ್ ವಿಮಾನ ಎಂಜಿನಿಯರ್. ವಿಮಾನದಲ್ಲಿ ಒಯ್ಯಲು, ನುಣುಪಾದ ಕಾಲುದಾರಿಯಲ್ಲಿ ತಳ್ಳಲು ಹೇಳಿಮಾಡಿಸಿದ ವಸ್ತು. ಅದರ ಪುಟ್ಟ ಚಕ್ರಗಳಿಗೆ ನಮ್ಮ ಕೆಸರು, ಜಲ್ಲಿಕಲ್ಲು, ಚಪ್ಪಡಿ ಕಿತ್ತ ಚರಂಡಿ ಗೊತ್ತಿಲ್ಲ. ಮಳೆ ನೀರು ತುಂಬಿದ ರಸ್ತೆಯಲ್ಲಿ ಚರಂಡಿ ಎಲ್ಲಿ ಮುಗಿಯುತ್ತದೆ, ರಸ್ತೆ ಎಲ್ಲಿ ಶುರುವಾಗುತ್ತದೆ ಎಂದು ದೊಡ್ಡವರಿಗೇ ತಿಳಿಯದು. ನೆಲ ಕಾಣದಿದ್ದಲ್ಲಿ ಗಾಡಿಯನ್ನು ಇಳಿಸಬೇಡಿ. ಮಗುವನ್ನು ಎತ್ತಿಕೊಳ್ಳಿ, ಗಾಡಿಯನ್ನು ಮಡಿಸಿ ಇನ್ನೊಬ್ಬರು ಹಿಡಿದುಕೊಳ್ಳಲಿ.

ಈ ಗಾಡಿಗಳೊಂದಿಗೆ ಪಾರದರ್ಶಕ ಪ್ಲಾಸ್ಟಿಕ್ ಮುಸುಕು ಬರುತ್ತದೆ. ಎರಡೂ ಬದಿ ಗಾಳಿಕಿಂಡಿ ಇರುವ, ಮಗುವಿನ ಮುಖಕ್ಕೆ ತಾಗದಷ್ಟು ಎತ್ತರ ನಿಲ್ಲುವ, ಅದೇ ಗಾಡಿಯ ಅಳತೆಗೆ ಹೊಲಿದ ಮುಸುಕಾದರೆ ಜೋರು ಮಳೆಯಲ್ಲಿ ಹಾಕಬಹುದು. ಮನೆಯಲ್ಲಿದ್ದ ಟಾರ್ಪಾಲಿನ್ ತುಂಡನ್ನು ಹಗ್ಗ ಕಟ್ಟಿ ಹೊದಿಸುವುದು ಬೇಡ. ಐದು ನಿಮಿಷಕ್ಕೊಮ್ಮೆ ಕೈ ಒಳಗಿಟ್ಟು ಮಗುವಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಪ್ಲಾಸ್ಟಿಕ್ಕಿಗೆ ಆವಿ ಕಟ್ಟಿ ಮಗು ಕಾಣದಂತಾದರೆ ಮಗುವಿಗೆ ಗಾಳಿ ಸಾಲದು ಎಂದೇ ತಿಳಿಯಿರಿ. ನಮ್ಮ ಮಳೆ ಥಟ್ಟನೆ ನಿಂತು ಬಿಸಿಲು ಬರುವಂಥದ್ದೆಂದು ಮೊದಲೇ ಹೇಳಿದೆ. ಆ ಬಿಸಿಲಿನಲ್ಲಿ ಮುಸುಕು ಹಾಕಿದ ಗಾಡಿ ಗಾಜಿನ ಮನೆಯಂತೆ ಕಾಯುತ್ತದೆ, ಅದೂ ನಾವು ಊಹಿಸುವುದಕ್ಕಿಂತ ಬೇಗ. ಮಳೆ ನಿಂತ ಕ್ಷಣ ಮುಸುಕು ತೆಗೆಯಬೇಕು. ಅಂಗಡಿಯೊಳಗೆ, ಆಟೋದೊಳಗೆ, ರೈಲಿನೊಳಗೆ ಹೋದಾಗಲೂ ಅಷ್ಟೇ.

ಆರು ತಿಂಗಳೊಳಗಿನ, ಕತ್ತು ಪೂರ್ತಿ ನಿಲ್ಲದ ಮಗುವನ್ನು ನೆಟ್ಟಗೆ ಕೂರಿಸುವ ಗಾಡಿಯಲ್ಲಿ ಇಡಬಾರದು. ತಲೆ ಮುಂದಕ್ಕೆ ಬಾಗಿ ಉಸಿರುದಾರಿ ಕಿರಿದಾಗುತ್ತದೆ. ಪೂರ್ತಿ ಹಿಂದಕ್ಕೆ ಮಲಗುವ ಗಾಡಿಯಾದರೆ ಸರಿ. ಇನ್ನು ಹಿಡಿಗೆ ತರಕಾರಿ ಚೀಲ, ಒದ್ದೆ ಛತ್ರಿ ನೇತುಹಾಕುವ ಅಭ್ಯಾಸ. ಮಗುವನ್ನು ಎತ್ತಿದ ಕೂಡಲೇ ಗಾಡಿ ಹಿಂದಕ್ಕೆ ಮಗುಚುತ್ತದೆ, ಕೆಲವೊಮ್ಮೆ ಮಗು ಇರುವಾಗಲೇ. ಪ್ಲಾಟ್‌ಫಾರಂ ಮೇಲೆ ಗಾಡಿಯನ್ನು ಹಳಿಗಳಿಗೆ ಸಮಾನಾಂತರವಾಗಿ ನಿಲ್ಲಿಸಿ, ಬ್ರೇಕ್ ಒತ್ತಿ, ಮಗುವಿಗೆ ಪಟ್ಟಿ ಬಿಗಿದು, ಒಂದು ಕೈ ಹಿಡಿಯ ಮೇಲೇ ಇರಲಿ. ಮಾರಿಕುಪ್ಪಂ, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಮಳೆಯಲ್ಲೇ ರೈಲಿಗೆ ಕಾಯುವವರಿಗೆ ಈ ಮಾತು. ಮೇಲ್ಸೇತುವೆಯ ಮೆಟ್ಟಿಲ ಮೇಲೆ ಮಗುವಿದ್ದ ಗಾಡಿಯನ್ನು ಇಬ್ಬರು ಎತ್ತಿಕೊಂಡು ಹೋಗುವ ಸಾಹಸವನ್ನು ಒದ್ದೆ ದಿನವಂತೂ ಮಾಡಬೇಡಿ.

ದ್ವಿಚಕ್ರ ವಾಹನದ ಬಗ್ಗೆ ಒಂದೆರಡು ಮಾತು. ಹಿಂದೆ ಕುಳಿತು ಮಗುವಿಗೆಂದು ಛತ್ರಿ ಬಿಚ್ಚುವುದು ಅತ್ಯಂತ ಅಪಾಯಕಾರಿ. ಗಾಳಿಗೆ ಛತ್ರಿ ಹಿಂದಕ್ಕೆ ಎಳೆದಾಗ ತಾಯಿ ಮಗು ಇಬ್ಬರೂ ರಸ್ತೆಗೆ ಬಿದ್ದು ತಲೆಗೆ ಪೆಟ್ಟಾಗುತ್ತದೆ. 2022ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಚಾಲಕನಿಗೆ ಬಿಗಿಯುವ ಸುರಕ್ಷಾ ಪಟ್ಟಿ, ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಒಂಬತ್ತು ತಿಂಗಳೊಳಗಿನ ಕೂಸಿಗೆ ಮಳೆಯಲ್ಲಿ ಆಟೋ ಹಿಡಿಯಿರಿ, ಖರ್ಚಾದರೂ ಸರಿ. ಆಟೋದ ಪರದೆಯನ್ನು ಗಾಳಿ ಬೀಸುವ ಕಡೆ ಮಾತ್ರ ಇಳಿಸಿದರೆ ಸಾಕು.

ಒದ್ದೆಯಾದ ಮೇಲೆ

ಎಷ್ಟು ಎಚ್ಚರ ವಹಿಸಿದರೂ ಮಗು ನೆನೆಯಬಹುದು. ಮನೆ ಸೇರಿದ ಮೇಲೆ ಎಂದು ಕಾಯಬೇಡಿ. ಯಾವುದಾದರೂ ಸೂರಿನಡಿ ಸೇರಿ ಒದ್ದೆ ಬಟ್ಟೆ ಪೂರ್ತಿ ತೆಗೆಯಿರಿ, ಲಂಗೋಟಿಯನ್ನೂ ಸೇರಿಸಿ. ತಲೆಯನ್ನು, ಕತ್ತಿನ ಮಡಿಕೆಗಳನ್ನು ಒತ್ತಿ ಒರೆಸಿ. ಒಣ ಬಟ್ಟೆ ಇದ್ದರೆ ಹಾಕಿ, ಇಲ್ಲದಿದ್ದರೆ ಬರಿಮೈ ಮಗುವನ್ನು ತಾಯಿಯ ಅಥವಾ ತಂದೆಯ ಬರಿ ಎದೆಗೆ ಒರಗಿಸಿ, ಬೆನ್ನಿನ ಮೇಲೆ ಒಣ ಟವೆಲ್ಲು, ತಲೆಗೆ ಒಣ ಟೋಪಿ. ಇದು ಬಡವರ ಉಪಾಯವಲ್ಲ, ವೈದ್ಯಶಾಸ್ತ್ರ ಒಪ್ಪಿದ ಚಿಕಿತ್ಸೆ. ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ 1978ರಲ್ಲಿ ಡಾ. ಎಡ್ಗರ್ ರೇ, ತೂಕ ಕಡಿಮೆಯ ಶಿಶುಗಳನ್ನಿಡಲು ಇನ್‌ಕ್ಯುಬೇಟರ್ ಸಾಲದೆ ತಾಯಂದಿರ ಎದೆಯ ಮೇಲೇ ಕಟ್ಟಿಸಿದರು. ಈಗ ಪ್ರಪಂಚದ ಎಲ್ಲೆಡೆ ಅದನ್ನು ಕಾಂಗರೂ ಆರೈಕೆ ಎಂದು ಕಲಿಸುತ್ತಾರೆ. ಹಾಗೆಯೇ ಹಾಲೂಡಿಸಿ, ಹಾಲೇ ಒಳಗಿನ ಇಂಧನ.

ಮಗುವಿಗೆ ಚಳಿಯಾಗಿದೆಯೇ ಎಂದು ತಿಳಿಯಲು ನಿಮ್ಮ ಕೈಯ ಹಿಂಭಾಗದಿಂದ ಅದರ ಹೊಟ್ಟೆಯನ್ನೂ ಪಾದವನ್ನೂ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಚಿಂತೆಯಿಲ್ಲ. ಪಾದ ತಣ್ಣಗಿದ್ದು ಹೊಟ್ಟೆ ಬೆಚ್ಚಗಿದ್ದರೆ ಮಗು ಚಳಿಯೊಂದಿಗೆ ಹೋರಾಡುತ್ತಿದೆ, ಎದೆಗವಚಿ ಬೆಚ್ಚಗೆ ಮಾಡಿ. ಹೊಟ್ಟೆಯೂ ತಣ್ಣಗಿದ್ದು ಮಗು ಮಂಕಾಗಿದ್ದರೆ, ಎದೆಗೆ ಅವಚಿಕೊಂಡೇ ಆಸ್ಪತ್ರೆಗೆ ಹೊರಡಿ.

ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯ ಮುಂದೆ ಹಿಡಿಯುವುದು ಬೇಡ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಂಗಾಲದ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಸಾಂಬ್ರಾಣಿ ಹೊಗೆ ಕೂದಲು ಒಣಗಿಸುತ್ತದೋ ಇಲ್ಲವೋ, ಶ್ವಾಸಕೋಶವನ್ನಂತೂ ಕೆರಳಿಸುತ್ತದೆ. ಬಿಸಿನೀರಿನ ಚೀಲ ಎಳೆ ಚರ್ಮವನ್ನು ಸುಡುತ್ತದೆ. ಕರ್ಪೂರ ಹಾಕಿದ ಎಣ್ಣೆ, ಕರ್ಪೂರವಿರುವ ನೆಗಡಿ ಮುಲಾಮು ಎರಡು ವರ್ಷದೊಳಗಿನವರಿಗೆ ಬೇಡ, ಅದು ಫಿಟ್ಸ್ ತರಬಲ್ಲದು. ಮೂಗಿಗೆ ಎಣ್ಣೆ ಬಿಟ್ಟರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತದೆ. ಜೇನುತುಪ್ಪ ಒಂದು ವರ್ಷದೊಳಗೆ ಬೇಡ. ಬ್ರಾಂದಿಯ ಹನಿಯ ವಿಷಯ ಹೇಳಲೇಬೇಕೆ? ಅದು ಮೈಯನ್ನು ಬಿಸಿ ಮಾಡುವುದಿಲ್ಲ, ಇದ್ದ ಬಿಸಿಯನ್ನೂ ಹೊರಗೆ ಕಳಿಸುತ್ತದೆ.

ಔಷಧಿ ಅಂಗಡಿಯಿಂದ ನೆಗಡಿ ಸಿರಪ್ ತಂದು ಹಾಕುವವರಿಗೆ ಒಂದು ಸುದ್ದಿ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಸೀಸೆಯ ಮೇಲಿನ ಅಕ್ಷರ ಓದಿ ನೋಡಿ. ಮೂಗು ಕಟ್ಟಿದ ಕೂಸಿಗೆ ವೈದ್ಯರು ಹೇಳಿದ ಉಪ್ಪುನೀರಿನ ಹನಿ, ಮೇಲಿಂದ ಮೇಲೆ ಎದೆಹಾಲು ಸಾಕು.

ಯಾವಾಗ ಓಡಬೇಕು? ಮಗು ಮಲಗಿರುವಾಗ ಅಂಗಿ ಎತ್ತಿ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯ ಇರಬಹುದು, ಅಂದೇ ತೋರಿಸಬೇಕು. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆದುಕೊಂಡರೆ, ಹಾಲು ಕುಡಿಯುವುದನ್ನು ಬಿಟ್ಟರೆ, ತುಟಿ ನೀಲಿಗಟ್ಟಿದರೆ, ಎಬ್ಬಿಸಿದರೂ ಏಳದಿದ್ದರೆ ರಾತ್ರಿಯಾಗಲಿ ಮಳೆಯಾಗಲಿ ನೋಡದೆ ಹೊರಡಿ.

ಇದೇ ಮಾತಿಗೆ ಸೇರಿದ್ದು ಲಸಿಕೆ. ಮಳೆ, ನೆಗಡಿ ಎಂದು ಚುಚ್ಚುಮದ್ದನ್ನು ತಿಂಗಳುಗಟ್ಟಲೆ ಮುಂದೂಡುವ ಮನೆಗಳಿವೆ. ಒಂದು ಬಗೆಯ ನ್ಯುಮೋನಿಯವನ್ನು ತಡೆಯುವ ಪಿ.ಸಿ.ವಿ. ಲಸಿಕೆ 2021ರಲ್ಲಿ ದೇಶದಾದ್ಯಂತ ಸರ್ಕಾರಿ ಪಟ್ಟಿಗೆ ಸೇರಿತು. ಒಂದೂವರೆ ತಿಂಗಳು, ಮೂರೂವರೆ ತಿಂಗಳು ಮತ್ತು ಒಂಬತ್ತನೆಯ ತಿಂಗಳಿಗೆ ಅದನ್ನು ಉಚಿತವಾಗಿ ಹಾಕುತ್ತಾರೆ. ಮಾಮೂಲಿ ನೆಗಡಿ ಇದ್ದರೂ ಹಾಕಿಸಬಹುದು. ಆ ದಿನ ಜೋರು ಮಳೆಯಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ ಮುಂದಿನ ದಿನಾಂಕ ತಿಳಿದುಕೊಂಡು ಹೋಗಿ. ಹೊರಡುವಾಗ ಮನೆಯಲ್ಲಿರುವ ಪ್ಲಾಸ್ಟಿಕ್ ಕವರನ್ನು ಮಗುವಿಗಲ್ಲ, ತಾಯಿ ಕಾರ್ಡಿಗೆ ಹಾಕಿ. ಅದರ ಜೊತೆಗೇ ಒಂದು ಒಣ ಅಂಗಿ, ಒಂದು ಲಂಗೋಟಿ, ಒಂದು ಕುಲಾವಿಯನ್ನೂ ಇಟ್ಟುಕೊಳ್ಳಿ.